ಎರಡನೆಯ ಕೆಂಪು

ಬೋರ್‌ವೆಲ್ ಕೊರೆಯುವವರು ಊಟ ಮರೆತಾರು, ಈ ಒಂದು ಕೆಲಸ ಮರೆಯುವುದಿಲ್ಲ. ಹತ್ತು ಅಡಿ ಇಳಿದಾಗಲೆಲ್ಲ ತೂತಿನಿಂದ ಹಾರಿಬರುವ ಕಲ್ಲುಪುಡಿಯನ್ನು ಒಂದು ಬೊಗಸೆ ಹಿಡಿದು ನೆಲದ ಮೇಲೆ ಗುಡ್ಡೆ ಹಾಕಬೇಕು. ಒಂದರ ಪಕ್ಕ ಒಂದು, ಸಾಲಾಗಿ. ಎಡತುದಿಯ ಗುಡ್ಡೆ ಹತ್ತು ಅಡಿಯದು, ಅದರ ಪಕ್ಕದ್ದು ಇಪ್ಪತ್ತರದು. ಕಾಗದ ಬೇಡ, ಪೆನ್ನು ಬೇಡ, ನೆಲದ ಹೊಟ್ಟೆಯಲ್ಲಿ ಏನೇನಿದೆ ಎಂದು ಆ ಸಾಲೇ ಹೇಳುತ್ತದೆ. ಎಂಟನೇ ಕ್ಲಾಸಿನಲ್ಲಿ ಮೇಷ್ಟರು ತನ್ನ ಮೇಲೆ ಎಸೆದ ಡಸ್ಟರನ್ನು ಅವರ ಮೇಲೇ ತಿರುಗಿ ಎಸೆದು ಶಾಲೆಯಿಂದ ಹೊರಬಿದ್ದ ಸೂರಜ್, ಬದುಕಿನಲ್ಲಿ ಗಮನವಿಟ್ಟು ಓದಿದ ಪುಸ್ತಕ ಅದೊಂದೇ.

ಎರಡು ಸಾವಿರದ ಹತ್ತರ ಏಪ್ರಿಲ್ ತಿಂಗಳು. ಹಿಂದಿನ ವರ್ಷದ ಮಳೆ ಕೈಕೊಟ್ಟಿತ್ತು. ಠಾಣೆ ಪೂರ್ವದ ಕೋಪರಿಯಲ್ಲಿ, ಸ್ಟೇಷನ್ನಿಗೆ ಐದು ನಿಮಿಷದ ದಾರಿಯಲ್ಲಿದ್ದ ಆ ಹಳೆಯ ನಾಲ್ಕು ಮಾಳಿಗೆಯ ಸೊಸೈಟಿಯ ಮೂವತ್ತೆರಡು ಮನೆಗಳಿಗೆ ನಲ್ಲಿಯಲ್ಲಿ ನೀರು ದಿನಕ್ಕೆ ಇಪ್ಪತ್ತೇ ನಿಮಿಷ. ಟ್ಯಾಂಕರಿನವನು ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಸೊಸೈಟಿಯವರು ಬೋರ್ ಹಾಕಿಸಲು ಒಪ್ಪಿದ್ದು ಹಾಗೆ.

ಡೊಂಬಿವಲಿಯಲ್ಲಿ ಬೆಳೆದ ಕರಾವಳಿಯ ಹುಡುಗ ಸೂರಜ್ ಎಂಟು ವರ್ಷ ಕೊರೆಯುವ ರಾಡು ಹೊತ್ತಿದ್ದ. ಲಿವರ್ ಹಿಡಿದು ತಾನೇ ಕೊರೆಯುತ್ತಿರುವ ಮೊದಲ ಬಾವಿ ಇದು. ಬೋರ್ ಗಾಡಿಯ ಮಾಲೀಕ ರಘುಪತಿ ಶೇಟ್, ಗಾಡಿಗಳು ನಿಲ್ಲುವ ಮಾಜಿವಾಡದ ಅಡ್ಡೆಯಲ್ಲಿ ಎಲ್ಲರ ಎದುರಿಗೇ ಹೇಳಿಬಿಟ್ಟಿದ್ದರು: “ಈ ಬಾವಿ ಒಣಗಿತೋ, ಲಿವರ್ ನನ್ನ ಸೋದರಳಿಯನಿಗೆ. ನೀನು ಮತ್ತೆ ರಾಡು ಹೊರು.” ಆ ಸೋದರಳಿಯ ಡಿಪ್ಲೊಮಾ ಮಾಡಿದವನು. ಡೀಸೆಲ್ ವಾಸನೆಗೇ ತಲೆನೋವು ಅನ್ನುವವನು.

ಎರಡನೇ ದಿನ ಬೆಳಗಿನ ಹೊತ್ತಿಗೆ ಇನ್ನೂರ ಅರವತ್ತು ಅಡಿ ಇಳಿದಿತ್ತು. ಒಂದು ತೊಟ್ಟು ನೀರಿಲ್ಲ. ಸೆಕ್ರೆಟರಿ ರಮಾಕಾಂತರು ಬೆಳಗಿನ ವಾಕಿಂಗ್ ಬೂಟಿನಲ್ಲೇ ಕೆಳಗಿಳಿದು ಬಂದರು. ಮೈಸೂರಿನವರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ರಿಟೈರಾದವರು. ಜೊತೆಗೆ ಮೂರನೇ ಮಾಳಿಗೆಯ ಸಂಯುಕ್ತಾ ಮೇಡಂ ಇದ್ದರು. ಬೆಂಗಳೂರಿನ ಹೆಣ್ಣುಮಗಳು, ಬೇಲಾಪುರದ ಕಾಲೇಜೊಂದರಲ್ಲಿ ಭೂಗರ್ಭಶಾಸ್ತ್ರದ ಪಾಠ ಮಾಡುವವರು.

“ಮೇಡಂ ನೋಡ್ತಾರೆ ಕಣಯ್ಯಾ, ಇದನ್ನೆಲ್ಲ ಓದಿಕೊಂಡಿದ್ದಾರೆ,” ಅಂದರು ರಮಾಕಾಂತರು. ‘ಓದಿಕೊಂಡಿದ್ದಾರೆ’ ಅನ್ನುವಾಗ ಅವರ ಕಣ್ಣು ಸೂರಜನ ಹರಕು ಬನಿಯನ್ನಿನ ಮೇಲಿತ್ತು. ಅಥವಾ ಸೂರಜನಿಗೆ ಹಾಗೆ ಕಂಡಿತು.

ಮೇಡಂ ಕೈಚೀಲ ಹೆಗಲಿಗೆ ಸರಿಸಿ, ಗೋಡೆಯುದ್ದಕ್ಕೂ ಇದ್ದ ಗುಡ್ಡೆಗಳ ಸಾಲಿನ ಪಕ್ಕ ಕುಕ್ಕರುಗಾಲಲ್ಲಿ ಸರಿಯುತ್ತ ಹೋದರು. ಒಂದೊಂದರಲ್ಲೂ ಚಿಟಿಕೆ ತೆಗೆದು ಅಂಗೈಯಲ್ಲಿ ಉಜ್ಜಿದರು. ಕೊನೆಗೆ ಎದ್ದು ಕೈ ಒರೆಸಿಕೊಂಡರು.

“ಎಲ್ಲ ಕಪ್ಪು. ಮೇಲಿಂದ ಕೆಳಗಿನವರೆಗೂ ಒಂದೇ ಬಂಡೆ. ನಡುವೆ ಎಲ್ಲೂ ಕೆಂಪು ಪದರ ಇಲ್ಲ. ಹೀಗಿದ್ರೆ ಸದ್ಯಕ್ಕೆ ನೀರು ಸಿಗೋದು ಕಷ್ಟ ಸರ್.”

“ಕೆಂಪು ಇದೆ,” ಅಂದ ಸೂರಜ್. “ನೂರ ಎಪ್ಪತ್ತಕ್ಕೂ ನೂರ ಎಂಬತ್ತಕ್ಕೂ ಕೆಂಪೇ ಬಂದದ್ದು. ನಾನೇ ನನ್ನ ಕೈಯಲ್ಲಿ ಗುಡ್ಡೆ ಹಾಕಿದ್ದೇನೆ.”

“ತೋರಿಸಿ.”

ಸೂರಜ್ ಎಡತುದಿಯಿಂದ ಎಣಿಸುತ್ತ ಬಂದ. ಹದಿನಾರು ಕಪ್ಪು. ಹದಿನೇಳು ಕಪ್ಪು. ಹದಿನೆಂಟು ಕಪ್ಪು. ಕೊನೆಯವರೆಗೂ ಹೋದ. ಇಪ್ಪತ್ತನಾಲ್ಕಕ್ಕೆ ಸಾಲು ಮುಗಿದೇಹೋಯಿತು. ನಡುವೆ ಎಲ್ಲೂ ಸಂದಿಲ್ಲ. ರಂಗೋಲಿಯ ಚುಕ್ಕಿಯಷ್ಟು ಸಮವಾಗಿ ಕೂತಿದ್ದವು.

ರಮಾಕಾಂತರೂ ಎಣಿಸಿದ್ದರು. “ಇಪ್ಪತ್ನಾಲ್ಕು ಅಂದ್ರೆ ಇನ್ನೂರ ನಲವತ್ತು ಅಡಿ. ನೀನು ಇನ್ನೂರ ಅರವತ್ತು ಅಂತೀಯ. ಬೋರಿನವರು ಅಡಿ ಜಾಸ್ತಿ ಹೇಳ್ತಾರೆ ಅಂತ ಕೇಳಿದ್ದೆ. ಇವತ್ತು ಕಣ್ಣಾರೆ ನೋಡಿದೆ.”

ಸೂರಜನ ತಲೆಯೊಳಗೆ ಕಂಪ್ರೆಸರ್ ಚಾಲೂ ಆದ ಹಾಗಾಯಿತು. “ಚೋರ್ ಅಂತೀರಾ ನನ್ನ? ಹಗ್ಗಕ್ಕೆ ಕಲ್ಲು ಕಟ್ಟಿ ಬಿಡಿ ಒಳಗೆ! ಒಂದು ಅಡಿ ಕಮ್ಮಿ ಬಂದ್ರೆ ಈ ತೂತಿನೊಳಗೇ ನನ್ನನ್ನೂ ಇಳಿಸಿ!”

“ಸೂರಜಾ, ಬಾಯಿ,” ಅಂದ ಪುಂಡರೀಕಾಕ್ಷ. ರಾಡು ಬದಲಿಸುವ ಐವತ್ತೈದರ ಆಸಾಮಿ, ಎಲ್ಲರಿಗೂ ಪುಂಡಣ್ಣ. ಅವನು ಬಾಯಿಮಾತಿಗೆ ಹೋಗದೆ ಇಳಿದಿದ್ದ ರಾಡುಗಳ ಲೆಕ್ಕ ತೋರಿಸಿದ. ಒಂದೊಂದು ರಾಡು ಇಪ್ಪತ್ತು ಅಡಿ, ತೂತಿನೊಳಗೆ ಹದಿಮೂರಿವೆ. ಇನ್ನೂರ ಅರವತ್ತು ಸರಿಹೋಯಿತು. ರಮಾಕಾಂತರ ಮುಖ ಸ್ವಲ್ಪ ಮೆತ್ತಗಾಯಿತು, ಮಾತು ಮೆತ್ತಗಾಗಲಿಲ್ಲ.

“ಅಡಿ ಸರಿ ಇದೆ, ಒಪ್ಪಿದೆ. ಆದ್ರೆ ಎರಡು ಗುಡ್ಡೆ ಹಾಕೋಕೆ ಮರೆತವನ ಮಾತು ಕೇಳಿ ಇನ್ನೂ ಕೆಳಗೆ ಹೋಗು ಅಂತ ನಾನು ಜನರಿಗೆ ಹೆಂಗಪ್ಪಾ ಹೇಳ್ಲಿ?”

“ನೋಡಿ, ನಿಮ್ಮನ್ನ ಸುಳ್ಳುಗಾರ ಅಂತಿಲ್ಲ,” ಅಂದರು ಮೇಡಂ, ಗಡಿಯಾರ ನೋಡಿಕೊಳ್ಳುತ್ತ. “ಕಣ್ಣಿಗೆ ಕಂಡಿದ್ದನ್ನ ಮಾತ್ರ ನಾನು ಹೇಳಬಲ್ಲೆ. ಕೆಂಪು ಕಾಣಲಿಲ್ಲ.” ಕಾಲೇಜಿಗೆ ಹೊತ್ತಾಯಿತೆಂದು ಅವರು ಗೇಟಿನಿಂದ ಹೊರನಡೆದರು. ರಮಾಕಾಂತರು ಶೇಟ್‌ಗೆ ಫೋನ್ ಮಾಡಿದರು. ಎರಡು ನಿಮಿಷಕ್ಕೆ ಶೇಟ್ ಪುಂಡಣ್ಣನ ಫೋನಿಗೆ ಬಂದರು: ಗಾಡಿ ಕಟ್ಟಿ, ಹೊರಡಿ.

ಸೂರಜ್ ಗಾಡಿಯ ಟೈರಿಗೆ ಒದ್ದ. ನೋವಾದದ್ದು ಕಾಲಿಗೇ. ಮುಖ ತೊಳೆಯಲು ನೀರು ಕೇಳೋಣವೆಂದು ಕೆಳಮನೆಯ ಕಿಟಕಿಯ ಹತ್ತಿರ ಹೋದವನು ಅಲ್ಲೇ ನಿಂತುಬಿಟ್ಟ.

ಕಿಟಕಿಯ ಗ್ರಿಲ್ಲಿನಲ್ಲಿ ಒಂದು ತುಳಸಿ ಕುಂಡ. ಮೈತುಂಬ ಹೊಸದಾಗಿ ಬಳಿದ ಕೆಮ್ಮಣ್ಣು. ಅದರ ಮೇಲೆ ಬಿಳಿ ರಂಗೋಲಿಯ ಎರಡು ಎಳೆ, ಇನ್ನೂ ಹಸಿ. ಕುಂಡದ ಹಿಂದೆ ಮೊಣಕೈವರೆಗೆ ಕೆಂಪಾದ, ಆ ಮನೆಯ ವಿಮಲಕ್ಕ.

“ಅಕ್ಕಾ, ಈ ಮಣ್ಣು ಎಲ್ಲಿಂದ?”

“ನಿಮ್ಮದೇ ಮಾರಾಯ! ಗೋಡೆ ಹತ್ರ ಹಾಕಿದ್ದಿರಲ್ಲ, ಅದ್ರಲ್ಲಿ ಬೆಳಿಗ್ಗೆ ಬೇಗ ಎದ್ದು ಎರಡು ರಾಶಿ ತಕೊಂಡೆ. ಎಂಥ ಮಣ್ಣು ಅಂತೀಯ! ಇಲ್ಲಿ ಅಂಗಡಿಯಲ್ಲಿ ಕೊಡುದು ಬಣ್ಣ ಹಾಕಿದ ಸೀಮೆಸುಣ್ಣದ ಪುಡಿ. ಕುಂದಾಪುರ ಬಿಟ್ಟ ಮೇಲೆ ಇಂಥದ್ದು ನೋಡಿದ್ದೇ ಇಲ್ಲ.”

“ಎರಡು ರಾಶಿ ತೆಗೆದ ಜಾಗ ಖಾಲಿ ಇರ್ಬೇಕಿತ್ತಲ್ಲ?”

“ಹಲ್ಲು ಬಿದ್ದ ಹಾಗೆ ಕಾಣ್ತಿತ್ತು. ಉಳಿದದ್ದನ್ನ ಮೊರದಲ್ಲಿ ಎತ್ತಿ ಒಂದರ ಪಕ್ಕ ಒಂದು ಸರಿಸಿಟ್ಟೆ. ಚಂದ ಮಾಡಿದ್ದೇನಲ್ಲ?”

ಚಂದ! ಸೂರಜ್ ಬಾಯಿ ತೆರೆದ. ಆದರೆ ವಿಮಲಕ್ಕ ಅವನಿಗಿಂತ ಮುಂಚೆ ಕಣ್ಣೊರೆಸಿಕೊಂಡರು. ಅವರ ಗಂಡ ಲೀಲಾಧರಣ್ಣ ಅಡುಗೆ ಕಂಟ್ರಾಕ್ಟರು, ಲಂಡನ್ನಿನಲ್ಲಿ ಯಾರದೋ ಮದುವೆಗೆ ಬಡಿಸಲು ಹೋದವರು. ನಾಲ್ಕು ದಿನದ ಹಿಂದೆಯೇ ವಾಪಸಾಗಬೇಕಿತ್ತು.

“ಎಂತದೋ ಐಸ್‌ಲ್ಯಾಂಡಂತೆ, ಅಲ್ಲಿ ಬೆಂಕಿಗುಡ್ಡ ಹೊಟ್ಟಿತಂತೆ. ಬೂದಿ ಎದ್ದು ವಿಮಾನ ಒಂದೂ ಹಾರುದಿಲ್ಲ. ಇವ್ರು ಬೀಪಿ ಮಾತ್ರೆ ಲೆಕ್ಕ ಮಾಡಿ ತಕೊಂಡು ಹೋದವ್ರು. ನಾನೆಂತ ಮಾಡ್ಲಿ? ತುಳಸಿಗೊಂದು ಪೂಜೆ ಹಾಕುವ ಅಂತ ಕುಂಡ ಬಳಿದೆ.”

ಸೂರಜ್ ಬೈಯುವುದು ಬಿಟ್ಟು ಎರಡೂ ಕೈ ಚಾಚಿದ. “ಅಕ್ಕಾ, ಕುಂಡ ಕೊಡಿ. ಅರ್ಧ ಗಂಟೆಯಲ್ಲಿ ತರ್ತೇನೆ. ಪೂಜೆ ನಿಲ್ಲುದಿಲ್ಲ.”

“ತುಳಸಿಯನ್ನಾ? ಎಲ್ಲಿಗೆ?”

ಉತ್ತರ ಹೇಳಲು ಅವನು ಅಲ್ಲಿರಲಿಲ್ಲ.

ಕೋಪರಿಯ ಬಜಾರಿನ ನಡುವೆ, ತಲೆಯಿಂದ ಕಾಲಿನವರೆಗೆ ಕಲ್ಲುಪುಡಿ ಮೆತ್ತಿಕೊಂಡ ಒಬ್ಬ ಯುವಕ ಹಸಿ ತುಳಸಿ ಕುಂಡವನ್ನು ಕೂಸಿನ ಹಾಗೆ ಎದೆಗವಚಿಕೊಂಡು ಓಡುತ್ತಿದ್ದರೆ ಜನ ದಾರಿ ಬಿಡುತ್ತಾರೆ. ಒಬ್ಬ ಮುದುಕ ಕೈಮುಗಿದ. ಪೂರ್ವದ ಸೇತುವೆಯ ಮೆಟ್ಟಿಲಲ್ಲಿ ಟೀಸಿ ಅಡ್ಡ ಬಂದ. “ಟಿಕೆಟ್?”

“ಸಾಬ್, ಪೂಜಾ ಕಾ ಹೈ!” ಅಂದು ಸೂರಜ್ ನುಗ್ಗಿಯೇಬಿಟ್ಟ. ಟೀಸಿ ಕುಂಡವನ್ನು ನೋಡಿದ, ಹಿಡಿಯಲು ಕೈ ಬರಲಿಲ್ಲ.

ಬೇಲಾಪುರದ ಕಡೆ ಹೋಗುವ ಪನ್ವೇಲ್ ರೈಲಿನ ಪ್ಲಾಟ್‌ಫಾರ್ಮಿನಲ್ಲಿ ಸಂಯುಕ್ತಾ ಮೇಡಂ ಲೇಡೀಸ್ ಡಬ್ಬಿ ನಿಲ್ಲುವ ಜಾಗದಲ್ಲಿದ್ದರು. ಗಾಡಿ ಆಗಲೇ ಒಳಬರುತ್ತಿತ್ತು. ಸೂರಜ್ ಏದುಸಿರಿನಲ್ಲಿ ಕುಂಡವನ್ನು ಅವರ ಮುಖದ ಮುಂದೆ ಹಿಡಿದ.

“ಕೆಂಪು! ಕಾಣ್ಬೇಕು ಅಂದ್ರಲ್ಲ, ನೋಡಿ!”

ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು. ಅವನು ನಡೆದದ್ದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಗಾಡಿ ಬಂತು, ಹೋಯಿತು. ಅವರು ಹತ್ತಲಿಲ್ಲ. ಬೆಂಚಿನ ಮೇಲೆ ಕೂತು, ಉಗುರಿನಿಂದ ಕುಂಡದ ಮೈ ಕೆರೆದು, ಆ ಮಣ್ಣನ್ನು ಬೆರಳಲ್ಲಿ ತಿಕ್ಕಿ, ನಾಲಿಗೆಯ ತುದಿಗೆ ಇಟ್ಟುಕೊಂಡರು. ಪಕ್ಕದ ಹೆಂಗಸು ಎದ್ದು ದೂರ ಹೋದಳು.

“ಅಂಗಡಿ ಬಣ್ಣ ಅಲ್ಲ,” ಅಂದರು ಮೇಡಂ. “ನಾಲಿಗೆಗೆ ಅಂಟುತ್ತೆ. ಜೇಡಿ. ಇದು ಬಂದಾಗ ಹೇಗಿತ್ತು, ಹೇಳಿ.”

ಆವರೆಗೂ ಯಾರೂ ಸೂರಜನನ್ನು ‘ಹೇಗಿತ್ತು’ ಎಂದು ಕೇಳಿರಲಿಲ್ಲ. ಎಷ್ಟು ಅಡಿ, ಎಷ್ಟು ಹೊತ್ತು ಎಂದಷ್ಟೇ ಕೇಳುತ್ತಿದ್ದರು. “ಮೊದಲು ಸದ್ದು ಬದಲಾಯ್ತು ಮೇಡಂ. ಕಪ್ಪಿನಲ್ಲಿ ರಾಡಿನ ತುದಿಯ ಹ್ಯಾಮರ್ ಟಣಟಣ ಅಂತದೆ. ಕೆಂಪಿನಲ್ಲಿ ಹಾಸಿಗೆಗೆ ಗುದ್ದಿದ ಹಾಗೆ, ಧಬಧಬ. ರಾಡು ತಾನಾಗಿ ಇಳಿದೇಹೋಯ್ತು. ಹದಿಮೂರು ಅಡಿ. ಅದು ಮುಗಿದ ಕೂಡಲೇ ಬಂದ ಕಲ್ಲಿನಲ್ಲಿ ತೂತು ತೂತು, ಒಳಗೆ ಸಕ್ಕರೆ ಹರಳಿನ ಹಾಗೆ ಬಿಳಿ. ಸ್ವಲ್ಪ ತೇವ ಇತ್ತು. ನೀರಲ್ಲ. ಆಮೇಲೆ ಮತ್ತೆ ಕಪ್ಪು.”

ಮೇಡಂ ಅವನನ್ನು ಹೊಸದಾಗಿ ನೋಡುವ ಹಾಗೆ ನೋಡಿದರು. “ನೀವು ಹೇಳ್ತಿರೋದು ಏನು ಗೊತ್ತಾ? ಎರಡು ಸ್ಫೋಟ, ನಡುವೆ ಒಂದು ನಿದ್ದೆ.”

“ಅಂದ್ರೆ?”

“ಈ ಠಾಣೆ, ಕಲ್ಯಾಣ, ಆ ಕಡೆ ನಾಸಿಕ್, ಎಲ್ಲ ಕಪ್ಪುಕಲ್ಲೂ ಲಾವಾನೇ. ಆರೂವರೆ ಕೋಟಿ ವರ್ಷದ ಹಿಂದೆ ನೆಲ ಉದ್ದಕ್ಕೆ ಸೀಳಿ ಉಕ್ಕಿ ಹರೀತು. ಇಲ್ಲಿ ಗುಡ್ಡದ ತುದಿಯಲ್ಲಿ ಬಾಯಿ ಅಂತ ಇರಲಿಲ್ಲ, ಸೀಳಿದ ನೆಲವೇ ಬಾಯಿ. ಒಂದು ಸಲ ಹರಿದು ತಣ್ಣಗಾಗುತ್ತೆ. ಆಮೇಲೆ ಸಾವಿರಾರು ವರ್ಷ ಸುಮ್ಮನೆ. ಆ ಹೊತ್ತಲ್ಲಿ ಬಿಸಿಲು ಮಳೆ ಬಿದ್ದು ಮೇಲ್ಗಡೆಯ ಕಲ್ಲು ಮಣ್ಣಾಗುತ್ತೆ. ಮತ್ತೆ ಉಕ್ಕುತ್ತೆ, ಆ ಮಣ್ಣನ್ನ ಸುಟ್ಟು ಮೇಲೆ ಕೂರುತ್ತೆ. ಸುಟ್ಟ ಮಣ್ಣೇ ಈ ಕೆಂಪು.”

“ವಿಮಲಕ್ಕನ ಗಂಡನ್ನ ಕೂರಿಸಿಟ್ಟದ್ದೂ ಇದರ ಜಾತಿಯದ್ದೇನಾ?”

“ಅದು ಜೀವಂತ. ನೂರ ಎಂಬತ್ತು ಚಿಲ್ಲರೆ ವರ್ಷ ಮಲಗಿತ್ತು, ಮೊನ್ನೆ ಎದ್ದಿದೆ. ನಮ್ಮ ಅಂಡಮಾನಿನ ಬ್ಯಾರನ್ ದ್ವೀಪದ್ದೂ ಹಾಗೇನೇ. ನೂರೈವತ್ತು ವರ್ಷದ ಮೇಲೆ ಉಸಿರೆತ್ತಲಿಲ್ಲ, ತೊಂಬತ್ತೊಂದರಲ್ಲಿ ಬೆಂಕಿ ಕಾರಿತು. ಮಲಗಿದ್ದು ಏಳಬಹುದು. ಇಲ್ಲಿಯದು ಸತ್ತಿದೆ, ಏಳಲ್ಲ.”

“ಸತ್ತದ್ದಾದ್ರೆ ನನ್ನ ಹ್ಯಾಮರಿನ ಹಲ್ಲು ಯಾಕೆ ಸವೆಯುದು?” ಅಂದ ಸೂರಜ್. ಮೇಡಂ ನಕ್ಕೇಬಿಟ್ಟರು.

ನಂತರ ಕೆಲಸದ ಮಾತಿಗೆ ಬಂದರು. ನೀರು ನಿಲ್ಲುವುದು ಕೆಂಪಿನ ಕೆಳಗಿರುವ ತೂತುಗಲ್ಲಿನಲ್ಲಿ. ಮೊದಲ ಕೆಂಪಿನ ಕೆಳಗೆ ತೇವ ಮಾತ್ರ ಇತ್ತು, ಸುತ್ತಲಿನ ಬಾವಿಗಳು ಕುಡಿದಿರಬೇಕು. ಎರಡನೆಯ ಕೆಂಪು ಸಿಕ್ಕಿದರೆ ಆಸೆ ಇದೆ.

“ಸಿಗ್ತದೆ,” ಅಂದ ಅವನು. “ಇನ್ನೂರ ಐವತ್ತರಿಂದ ಹ್ಯಾಮರಿನ ಸದ್ದು ಸಣ್ಣಗೆ ಒಡೀತಾ ಉಂಟು. ಇನ್ನು ಐವತ್ತು, ಅರವತ್ತು ಅಡಿ.”

“ಅದು ನನಗೆ ಕೇಳಿಸಲ್ಲ. ಗ್ಯಾರಂಟಿ ಕೊಡಲ್ಲ. ಆದ್ರೆ ಮೊದಲನೇ ಕೆಂಪು ನಿಜ ಅಂತ ಹೇಳ್ತೀನಿ.” ಅವರು ಅಲ್ಲೇ ರಮಾಕಾಂತರಿಗೆ ಫೋನ್ ಹಚ್ಚಿದರು. ಎರಡನೇ ಗಾಡಿಯೂ ಹೋಯಿತು. “ಮುನ್ನೂರೈವತ್ತರವರೆಗೆ ಬಿಡಿ ಸರ್... ಹೌದು, ನಾನು ನೋಡಿದೆ... ಎಲ್ಲಿ ಅಂದ್ರೆ, ತುಳಸಿ ಗಿಡದ ಮೇಲೆ.”

ಕುಂಡ ವಿಮಲಕ್ಕನ ಕಿಟಕಿಗೆ ಮರಳಿತು, ಮಧ್ಯಾಹ್ನ ಕಂಪ್ರೆಸರ್ ಮತ್ತೆ ಕೂಗಿತು. ಶೇಟ್ ಫೋನಿನಲ್ಲಿ ಒಂದೇ ಮಾತು ಹೇಳಿದ್ದರು: “ಹ್ಯಾಮರ್ ಒಳಗೆ ಸಿಕ್ಕಿಬಿದ್ದರೆ ಮಾಜಿವಾಡದ ಕಡೆ ಮುಖ ತೋರಿಸಬೇಡ.” ಇನ್ನೂರ ಎಂಬತ್ತು. ಮುನ್ನೂರು. ಬಿಸಿಲಿಗೆ ಲಿವರ್ ಕೈ ಸುಡುತ್ತಿತ್ತು. ಮುನ್ನೂರ ಎಂಟನೇ ಅಡಿಗೆ ಟಣಟಣ ನಿಂತು ಧಬಧಬ ಶುರುವಾಯಿತು. ತೂತಿನಿಂದ ಕೆಂಪು ಧೂಳು ಭುಸ್ಸೆಂದು ಎದ್ದು ಪುಂಡಣ್ಣನ ನರೆತ ತಲೆಗೆ ಕುಂಕುಮ ಹಾಕಿತು.

“ಬಂತಲ್ಲ ಮಾರಾಯ!” ಪುಂಡಣ್ಣ ಕುಣಿದ.

ಕುಣಿತ ಹತ್ತು ನಿಮಿಷವೂ ಬಾಳಲಿಲ್ಲ. ಈ ಕೆಂಪು ಮೊದಲಿನದರ ಹಾಗೆ ಒಣಗಿರಲಿಲ್ಲ. ಕೆಳಗಿನಿಂದ ಪಸೆ ಕುಡಿದು ಅರೆದ ಹಿಟ್ಟಿನ ಹಾಗೆ ಆಗಿತ್ತು. ಧೂಳು ನಿಂತಿತು. ಗಾಳಿ ಮೇಲೆ ಬರದಾಯಿತು. ರಾಡು ಗಕ್ಕನೆ ಹಿಡಿದುಕೊಂಡಿತು, ಒತ್ತಡದ ಗೇಜಿನ ಮುಳ್ಳು ಕೆಂಪು ಗೆರೆಗೆ ಹಾರಿತು.

ಸೂರಜನ ಕೈ ತಾನಾಗಿ ಲಿವರನ್ನು ಮುಂದಕ್ಕೆ ಒತ್ತಲು ಹೋಯಿತು. ಇನ್ನೂ ಜೋರು ಕೊಡು, ಒಡೆದುಹಾಕು. ಜೀವಮಾನವೆಲ್ಲ ಅವನಿಗೆ ಗೊತ್ತಿದ್ದ ದಾರಿ ಅದೊಂದೇ. ಹಾಗೆ ಒತ್ತಿದವರ ರಾಡು ಬಳ್ಳಿಯ ಹಾಗೆ ತಿರುಚಿ ಒಳಗೇ ಉಳಿದದ್ದನ್ನೂ ಅವನು ಕಣ್ಣಾರೆ ಕಂಡಿದ್ದ. ಹಲ್ಲು ಕಚ್ಚಿ ಲಿವರನ್ನು ಹಿಂದಕ್ಕೆ ಎಳೆದ. ಒಂದು ಗೇಣು ಬಂತು. ನಿಲ್ಲಿಸಿದ. ಇನ್ನೊಂದು ಗೇಣು. ಕಾಲು ಗಂಟೆಗೆ ಐದಡಿ ಬಿಡಿಸಿಕೊಂಡು ಬಂದ.

“ಪೂರಾ ಎತ್ತಿಬಿಡುವ,” ಅಂದ ಪುಂಡಣ್ಣ, ಮೆಲ್ಲಗೆ. “ಹ್ಯಾಮರ್ ಉಳೀತದೆ. ಶೇಟ್ ಬೈಯುದು ಒಂದು ದಿನ.”

“ಬೈಗುಳ ಒಂದು ದಿನ. ರಾಡು ಹೊರುದು ಎಷ್ಟು ದಿನ ಪುಂಡಣ್ಣಾ?” ಸೂರಜ್ ಗಾಡಿಯಿಂದ ಇಳಿದ. “ಗಾಳಿಯ ಜೊತೆ ನೀರು ಬಿಟ್ರೆ ಜೇಡಿ ಕರಗಿ ಮೇಲೆ ಬರ್ತದೆ. ಮೂವತ್ತು ಬಕೆಟ್, ಸೋಪಿನ ಪುಡಿ ಹಾಕಿ. ಸಾಕು.”

“ಮೂವತ್ತು ಬಕೆಟ್! ಇಲ್ಲಿ ಮೂರು ಚೊಂಬು ಕೇಳಿ ನೋಡು!”

ಪಡಸಾಲೆಯಲ್ಲಿ ರಮಾಕಾಂತರು, ವಿಮಲಕ್ಕ, ಇನ್ನೂ ಹತ್ತು ಹನ್ನೆರಡು ಜನ ನಿಂತಿದ್ದರು. ಸೂರಜ್ ಅವರ ಮುಂದೆ ಹೋಗಿ, ಬೇಕಾದದ್ದನ್ನು ಹೇಳಿದ.

“ಏನಯ್ಯಾ, ತಮಾಷೆನಾ?” ರಮಾಕಾಂತರ ದನಿ ಏರಿತು. “ನೀರಿಲ್ಲ ಅಂತ ನಿನ್ನ ಕರೆಸಿದ್ರೆ, ಮನೇಲಿ ಎತ್ತಿಟ್ಟಿರೋ ನೀರನ್ನೂ ತಂದು ಗುಂಡಿಗೆ ಸುರೀಬೇಕಾ?”

“ಹೌದು ಸರ್.”

“ಬರದೇ ಹೋದ್ರೆ?”

ಬೇರೆ ದಿನವಾಗಿದ್ದರೆ ಅವನು ಕೂಗುತ್ತಿದ್ದ. ಹಗ್ಗಕ್ಕೆ ಕಲ್ಲು ಕಟ್ಟಿ ಎನ್ನುತ್ತಿದ್ದ. ಈಗ ಅಷ್ಟೂ ಕೋಪ ಹೊಟ್ಟೆಯ ಕೆಳಗೆ ಗಟ್ಟಿಯಾಗಿ, ನಿಲ್ಲಲು ಒಂದು ನೆಲದ ಹಾಗೆ ಕೂತಿತ್ತು. “ಬರದಿದ್ರೆ ನಿಮ್ಮ ಮೂವತ್ತು ಬಕೆಟ್ ಹೋಗ್ತದೆ. ನನ್ನ ಲಿವರ್ ಹೋಗ್ತದೆ. ನನಗೆ ಅದು ಬಿಟ್ರೆ ಬೇರೆ ಇಲ್ಲ ಸರ್. ಸುಳ್ಳು ಹೇಳಿ ಅದನ್ನ ಯಾಕೆ ಕಳಕೊಳ್ಳಲಿ? ಕೆಂಪು ಹಸಿಯಾಗಿದೆ. ಕೆಳಗೆ ನೀರಿಲ್ಲದೆ ಮೇಲಿನ ಮಣ್ಣು ಹಸಿಯಾಗುದಿಲ್ಲ.”

ವಿಮಲಕ್ಕ ಸೀರೆ ಸಿಕ್ಕಿಸಿಕೊಂಡು ಒಳಗೆ ಹೋದರು. ನೀರು ತುಂಬಿದ ನೀಲಿ ಡ್ರಮ್ಮನ್ನು ಎಳೆಯುತ್ತ ತಂದರು. “ಇವ್ರ ಸ್ನಾನಕ್ಕೆ ಅಂತ ಇಟ್ಟದ್ದು. ಇವ್ರೇ ಇಲ್ಲ, ಸ್ನಾನ ಯಾರಿಗೆ? ತಕೋ. ಕುಂಡ ಕೆರೆದ ಪಾಪ ನಿನ್ನ ತಲೆ ಮೇಲೆ ಉಂಟು, ನೆನಪಿಟ್ಕೋ.”

ಅದರಲ್ಲಿ ಎಂಟು ಬಕೆಟ್ ಬಂತು. ಎರಡನೇ ಮಾಳಿಗೆಯ ಮರಾಠಿ ಆಜಿ ಎರಡು ಕೊಟ್ಟಳು, ಬಕೆಟ್ ವಾಪಸು ಬೇಕೆಂದು ಮೂರು ಸಲ ಹೇಳಿದಳು. ಮೆಟ್ಟಿಲುಗಳಲ್ಲಿ ಕೈಯಿಂದ ಕೈಗೆ ನೀರು ಇಳಿಯಿತು. ಇಪ್ಪತ್ತೆರಡಕ್ಕೆ ನಿಂತಿತು. ರಮಾಕಾಂತರು ಅಷ್ಟು ಹೊತ್ತೂ ಕಂಬದ ಹಾಗೆ ನಿಂತಿದ್ದವರು ಮೇಲೆ ಹೋದರು. ಎರಡೂ ಕೈಯಲ್ಲಿ ಬಕೆಟ್ ಹಿಡಿದು, ಆ ವಾಕಿಂಗ್ ಬೂಟು ತೋಯಿಸಿಕೊಳ್ಳುತ್ತ, ನಾಲ್ಕು ಸಲ ಹತ್ತಿ ಇಳಿದರು.

ಮೂವತ್ತಾಯಿತು.

ಸೋಪಿನ ನೀರು ಗಾಳಿಯ ಜೊತೆ ಒಳಗೆ ಹೋಯಿತು. ಸೂರಜ್ ಎರಡಡಿ ಎತ್ತಿದ, ಊದಿದ, ಒಂದಡಿ ಇಳಿಸಿದ. ಮತ್ತೆ ಎತ್ತಿದ. ಮೊದಲು ಏನೂ ಇಲ್ಲ. ಆಮೇಲೆ ತೂತಿನ ಬಾಯಿಂದ ಕೆಂಪು ನೊರೆ ಉಕ್ಕಿ, ಬೂದಿಯಲ್ಲ, ಬೆಂಕಿಯಲ್ಲ, ಬೆಲ್ಲದ ಪಾಕದ ಹಾಗೆ ನಿಧಾನವಾಗಿ ಅಂಗಳಕ್ಕೆ ಹರಿಯಿತು. ಮಕ್ಕಳು ಕಿರುಚಿದರು. ಗೇಜಿನ ಮುಳ್ಳು ಇಳಿಯಿತು. ಒಂದೂವರೆ ಗಂಟೆ ಹೀಗೆಯೇ, ಗೇಣುಗೇಣು. ಶೇಟ್ ಐದು ಸಲ ಫೋನ್ ಮಾಡಿದರು, ಪುಂಡಣ್ಣ ಫೋನನ್ನು ಜೇಬಿನಲ್ಲೇ ಬಿಟ್ಟ.

ಮುನ್ನೂರ ಇಪ್ಪತ್ತಾರು. ಟಣ್.

ಸೂರಜ್ ಕಿವಿಗೊಟ್ಟ. ಮತ್ತೆ ಟಣ್, ಆದರೆ ಪೊಳ್ಳು, ಮಡಕೆಗೆ ಬಡಿದ ಹಾಗೆ. ನೊರೆಯ ಜೊತೆ ಬಿಳಿ ಹರಳಿನ ಚೂರು ಹಾರಿ ಬಂದು ಅವನ ಹಣೆಗೆ ಹೊಡೆಯಿತು. ಮುನ್ನೂರ ಮೂವತ್ತೊಂದಕ್ಕೆ ನೆಲದೊಳಗಿನಿಂದ ಯಾರೋ ಕೆಮ್ಮಿದಂತಾಯಿತು. ಮರುಕ್ಷಣ ಎರಡನೇ ಮಾಳಿಗೆಯ ಎತ್ತರಕ್ಕೆ ನೀರು ಎದ್ದು ನಿಂತಿತು. ಕೆಂಪು ನೀರು, ಕಲ್ಲು ಕಲ್ಲು ನೀರು, ಆದರೂ ನೀರು!

ಆಮೇಲೆ ಯಾರು ಏನು ಕೂಗಿದರು ಎಂದು ಹೇಳಲಾಗದು. ಕಾಲೇಜಿನಿಂದ ಆಗಷ್ಟೇ ಗೇಟಿನೊಳಗೆ ಬಂದ ಸಂಯುಕ್ತಾ ಮೇಡಂ ಕೈಚೀಲ ಸಮೇತ ತೋಯ್ದು ತೊಪ್ಪೆಯಾದರು. ಅವರು ಆ ರಭಸದಲ್ಲೇ ಬಗ್ಗಿ, ಬಿದ್ದ ಬಿಳಿ ಹರಳನ್ನು ಆರಿಸತೊಡಗಿದರು. ಪುಂಡಣ್ಣ ನೀರಿನ ಧಾರೆ ನೋಡಿ ಹೇಳಿದ: “ಎರಡೂವರೆ ಇಂಚು! ಕಮ್ಮಿ ಇಲ್ಲ!”

ರಮಾಕಾಂತರು ಕನ್ನಡಕ ಒರೆಸಿಕೊಳ್ಳುತ್ತ ಗಾಡಿಯ ಹತ್ತಿರ ಬಂದರು. “ಸಾಕು ಸೂರಜ್, ನಿಲ್ಸಪ್ಪ. ಬಂತಲ್ಲ.”

“ಇನ್ನೂ ಇಪ್ಪತ್ತು ಅಡಿ ಹೋಗ್ಬೇಕು ಸರ್. ಕೆಂಪು ಮಣ್ಣು ತಳಕ್ಕೆ ಕೂರ್ತದೆ. ಅದಕ್ಕೆ ಜಾಗ ಇಲ್ಲದಿದ್ರೆ ವರ್ಷದೊಳಗೆ ಬಾವಿ ಮುಚ್ಚಿಹೋಗ್ತದೆ. ಆಮೇಲೆ ಆ ಕೆಂಪು ಕುಸಿಯದ ಹಾಗೆ ಪೈಪು ಇಳಿಸ್ಬೇಕು.”

ರಮಾಕಾಂತರು ಮೇಡಂ ಕಡೆ ತಿರುಗಿದರು. ಮೇಡಂ ಒದ್ದೆ ಕೂದಲು ಹಿಂದಕ್ಕೆ ತಳ್ಳಿ, “ನನ್ನನ್ನ ಯಾಕೆ ಕೇಳ್ತೀರಾ ಸರ್? ಅವರು ಅಲ್ಲಿದ್ದಾರಲ್ಲ,” ಅಂದರು.

“ಸರಿ,” ಅಂದರು ರಮಾಕಾಂತರು. “ನೀವು ಹೇಳಿದ ಹಾಗೆ.”

ಜೇಬಿನಲ್ಲಿ ಫೋನ್ ಆರನೇ ಸಲ ಬಡಿದುಕೊಂಡಿತು. ಪುಂಡಣ್ಣ ಈ ಸಲ ಎತ್ತಿದ, ಒಂದು ಕಿವಿ ಮುಚ್ಚಿಕೊಂಡು ಕೂಗಿದ: “ಹಾಂ ಶೇಟ್! ನೀರಿನ ಸದ್ದೇ ಅದು!... ಇಲ್ಲ, ಮಾತಾಡ್ಲಿಕ್ಕೆ ಆಗುದಿಲ್ಲ, ಅವನ ಕೈಗೆ ಬಿಡುವಿಲ್ಲ... ಯಾರ ಕೈ ಅಂದ್ರೆ? ಲಿವರ್ ಮೇಲೆ ಸೂರಜನ ಕೈ ಅಲ್ಲದೆ ಇನ್ಯಾರದ್ದು?”

ಸೂರಜ್ ತಲೆಯೆತ್ತಲಿಲ್ಲ. ಮುಖದ ಮೇಲೆ ಹರಿಯುವ ಕೆಂಪು ನೀರನ್ನು ಭುಜಕ್ಕೆ ಒರೆಸಿ, ಮುಂದಿನ ರಾಡಿಗೆ ಸನ್ನೆ ಮಾಡಿದ.